ಜೀರ್ಣೋದ್ಧಾರ ಯಾರಿಗಾಗಿ?

ಹಳೆಯ ವಸ್ತುವೊಂದನ್ನು ದುರಸ್ತಿ ಮಾಡುವವನು ಯಾರಿಗೆ ನಿಷ್ಠನಾಗಿರಬೇಕು? ಆ ವಸ್ತುವಿಗೋ, ಅದರ ಒಡೆಯನಿಗೋ, ಅಥವಾ ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸಕ್ಕೋ? ಮೇಲ್ನೋಟಕ್ಕೆ ಇದು ಬಡಗಿಯನ್ನೋ ಗಡಿಯಾರ ರಿಪೇರಿಯವನನ್ನೋ ಕೇಳಬೇಕಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ಹಿರಿಯರಿಂದ ಏನನ್ನಾದರೂ ಪಡೆದವರೆಲ್ಲರೂ ಒಂದಲ್ಲ ಒಂದು ದಿನ ಉತ್ತರಿಸಬೇಕಾದ ಪ್ರಶ್ನೆ ಇದು.

ನನಗೆ ಈ ಪ್ರಶ್ನೆ ಎದುರಾದದ್ದು ಗ್ರಂಥಗಳಲ್ಲಲ್ಲ, ಬ್ಯಾಟರಿಯಿಂದ ನಡೆಯುವ ಹಳೆಯ ಸ್ಪೂಲ್ ಟೇಪ್ ರೆಕಾರ್ಡರುಗಳಲ್ಲಿ. ಕಚೇರಿಯ ಕಡತಗಳಿಂದ ಬಿಡುವು ದೊರೆತಾಗ ಕೀಲ್ಪಾಕಿನ ಮನೆಯ ಮೇಜಿನ ಮೇಲೆ ಇವುಗಳನ್ನು ಬಿಚ್ಚಿಕೊಂಡು ಕೂರುವುದು ಕೆಲವು ವರ್ಷಗಳಿಂದ ನನಗೆ ಅಂಟಿಕೊಂಡ ಹವ್ಯಾಸ. ನಾನು ಬಿ.ಎಸ್ಸಿ. ಓದಿದ್ದು ಪ್ರಯೋಜನಕ್ಕೆ ಬಂದದ್ದು ಇಲ್ಲಿ ಮಾತ್ರ ಎಂದು ಮನೆಯವರು ಹಾಸ್ಯ ಮಾಡುವುದುಂಟು.

ಈ ಯಂತ್ರಗಳನ್ನು ಕಾಣದ ಕಿರಿಯರಿಗಾಗಿ ಎರಡು ಮಾತು. ಕಾಲಂಗುಲ ಅಗಲದ ತೆಳುವಾದ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತಾ ಹೋಗುವಾಗ ದನಿ ಅದರಲ್ಲಿ ಕಾಂತದ ಗುರುತಾಗಿ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಸ್ಟೀಫನ್ ಕುಡೆಲ್ಸ್ಕಿ 1951ರಲ್ಲಿ ತಯಾರಿಸಿದ ಮೊದಲ ನಾಗ್ರಾ ಯಂತ್ರಕ್ಕೆ ಗ್ರಾಮಾಫೋನಿನಂತೆ ಕೀಲಿ ಕೊಡಬೇಕಾಗಿತ್ತು. 1958ರ ನಾಗ್ರಾ 3 ಟ್ರಾನ್ಸಿಸ್ಟರಿನದು. 1961ರಲ್ಲಿ ಬಂದ ಜರ್ಮನಿಯ ಊಹರ್ 4000 ರಿಪೋರ್ಟ್ ಯಂತ್ರಕ್ಕೆ ಐದು ದಪ್ಪ ಟಾರ್ಚ್ ಸೆಲ್ಲುಗಳು ಸಾಕಾಗಿದ್ದವು. ಇದರಿಂದಾದ ಉಪಕಾರ ದೊಡ್ಡದು. ಹಾಡುವವರು ಸ್ಟುಡಿಯೋಗೆ ಬರಬೇಕಾಗಿಲ್ಲ. ವಿದ್ಯುತ್ತಿಲ್ಲದ ಹಳ್ಳಿಯ ಜಗಲಿಗೂ ಯಂತ್ರವೇ ಹೆಗಲೇರಿ ಹೋಗಬಹುದು. ನಮ್ಮ ನಾಡಿನಲ್ಲಿ ಎಚ್.ಎಲ್. ನಾಗೇಗೌಡರು ಜನಪದ ಗಾಯಕರ ದನಿಯನ್ನು ಮುದ್ರಿಸಿ ಕೂಡಿಟ್ಟು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಓದುಬರಹವಿಲ್ಲದ ಒಬ್ಬ ಅಜ್ಜಿಯ ಹಾಡು ಅವಳ ಕಾಲಾನಂತರವೂ ಉಳಿಯುವುದೆಂದರೆ ಅದು ಸಣ್ಣ ಮಾತಲ್ಲ.

ಈಗ ದುರಸ್ತಿಯ ವಿಷಯ. ಇಂಥ ಯಂತ್ರ ಕೈಗೆ ಬರುವ ವೇಳೆಗೆ ಅದರ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ ಇಲ್ಲವೇ ಕರಗಿ ಅಂಟಾಗಿರುತ್ತದೆ. ಮರೆತು ಒಳಗೇ ಬಿಟ್ಟ ಸೆಲ್ಲುಗಳು ಸೋರಿ ಹಿತ್ತಾಳೆಯ ಪಟ್ಟಿಗಳು ಹಸಿರುಗಟ್ಟಿರುತ್ತವೆ. ಕೆಪಾಸಿಟರುಗಳು ಒಣಗಿರುತ್ತವೆ. ಜರ್ಮೇನಿಯಂ ಟ್ರಾನ್ಸಿಸ್ಟರು ಕೆಟ್ಟಿದ್ದರೆ ರಿಚಿ ಸ್ಟ್ರೀಟಿನ ಅಂಗಡಿಗಳಲ್ಲಿ ಅಲೆಯಬೇಕು. ಹೀಗೆ ಒಂದೊಂದನ್ನೇ ಬದಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅದೇ ಯಂತ್ರವೇ? ಭಿಕ್ಷು ನಾಗಸೇನನು ದೊರೆ ಮಿಲಿಂದನಿಗೆ ಹಾಕಿದ ಪ್ರಶ್ನೆ ಇಲ್ಲಿ ನೆನಪಾಗುತ್ತದೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಅವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ಈ ಉತ್ತರದಿಂದ ಬುದ್ಧಿಗೆ ಸಮಾಧಾನವಾಗುತ್ತದೆ. ಆದರೆ ಯಾವುದನ್ನು ಬದಲಿಸಬಹುದು, ಯಾವುದನ್ನು ಕೂಡದು ಎಂಬ ವಿವೇಕ ಅದರಿಂದ ದೊರೆಯುವುದಿಲ್ಲ.

ಆ ವಿವೇಕಕ್ಕೆ ನಾವು ದೂರ ಹೋಗಬೇಕಾಗಿಲ್ಲ. ದೇವಾಲಯದ ಜೀರ್ಣೋದ್ಧಾರಕ್ಕೆ ಮೊದಲು ದೇವರ ಚೈತನ್ಯವನ್ನು ಕಲಶಕ್ಕೆ ಆವಾಹಿಸಿ ಬಾಲಾಲಯದಲ್ಲಿ ಇರಿಸುತ್ತಾರೆ. ಕೆಲಸ ಮುಗಿದ ಮೇಲೆ ಕುಂಭಾಭಿಷೇಕ. ಮದರಾಸಿನಲ್ಲಿ ನೆಲೆಸಿದ ನಾವೆಲ್ಲ ಇದನ್ನು ಕಂಡೇ ಇದ್ದೇವೆ. ಕಲ್ಲು ಬದಲಾಗಬಹುದು, ಗಾರೆ ಬದಲಾಗಬಹುದು, ಚೈತನ್ಯಕ್ಕೆ ಮಾತ್ರ ಭಂಗ ಬರಕೂಡದು ಎಂಬುದು ಇದರ ತಾತ್ಪರ್ಯ. ಇದಕ್ಕೆ ವಿರುದ್ಧವಾದ ಪಾಠವನ್ನೂ ಇದೇ ತಮಿಳುನಾಡು ಕಲಿಸಿದೆ. ಕೆಲವೆಡೆ ರಭಸದಿಂದ ಮರಳು ಸಿಡಿಸಿ ಗೋಡೆಗಳನ್ನು ಶುಚಿಗೊಳಿಸಿದಾಗ, ಶತಮಾನಗಳಿಂದ ಉಳಿದಿದ್ದ ಶಾಸನಗಳ ಅಕ್ಷರಗಳೇ ಸವೆದುಹೋದವು. ಗೋಡೆ ಹೊಸದಾಯಿತು; ಗೋಡೆ ಹೇಳುತ್ತಿದ್ದ ಮಾತು ಹೋಯಿತು.

ಟೇಪ್ ರೆಕಾರ್ಡರಿನಲ್ಲಿ ಚೈತನ್ಯವೆಂದರೆ ಯಾವುದು? ಪಟ್ಟಿಯಲ್ಲಿ ಮಲಗಿರುವ ದನಿ ಎಂಬುದು ನನ್ನ ಉತ್ತರ. ಯಂತ್ರ ಅದರ ಗುಡಿ ಮಾತ್ರ. ಹೊರಮೈ ತಿಕ್ಕಿ ಗಾಜಿನ ಬೀರುವಿನಲ್ಲಿ ಇಟ್ಟರೆ ಅದು ದೇವರಿಲ್ಲದ ಗುಡಿ. ಹಾಗೆಂದು ಮನಬಂದಂತೆ ಸುಧಾರಿಸುವುದೂ ಸಲ್ಲದು. ಅಗ್ಗದ ಪುಟ್ಟ ಯಂತ್ರಗಳಲ್ಲಿ ಅನೇಕಕ್ಕೆ ಪಟ್ಟಿಯನ್ನು ಒಂದೇ ವೇಗದಲ್ಲಿ ಎಳೆಯುವ ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿ ಇರುತ್ತಿರಲಿಲ್ಲ. ಮೋಟಾರು ನೇರವಾಗಿ ಸುರುಳಿಯನ್ನೇ ತಿರುಗಿಸುತ್ತಿತ್ತು. ಸುರುಳಿ ದಪ್ಪವಾದಂತೆ ಪಟ್ಟಿಯ ವೇಗವೂ ಏರುತ್ತಿತ್ತು. ಅಂಥ ಪಟ್ಟಿಯನ್ನು ಅದೇ ಬಗೆಯ ಯಂತ್ರದಲ್ಲಿ ಹಾಕಿದರೆ ತಪ್ಪಿಗೆ ತಪ್ಪು ಸರಿಹೋಗಿ ಹಾಡು ಸರಿಯಾಗಿ ಕೇಳುತ್ತದೆ. ಉತ್ತಮ ಯಂತ್ರದಲ್ಲಿ ಹಾಕಿದರೆ ಬರುಬರುತ್ತಾ ಶ್ರುತಿ ಇಳಿದು ಹೆಂಗಸಿನ ದನಿ ಗಂಡಸಿನದರಂತಾಗುತ್ತದೆ. ಯಂತ್ರದ ದೋಷವೆಂದು ನಾವು ತಿದ್ದಹೊರಟದ್ದೇ ಆ ಬೀಗದ ಕೀಲಿಕೈ ಆಗಿರಬಹುದು. ಹಿರಿಯರ ಬೇರೆ ಕೆಲವು ವಿಚಾರಗಳಲ್ಲಿಯೂ ತಿದ್ದುವ ಮೊದಲು ತುಸು ತಡೆಯುವುದು ಒಳ್ಳೆಯದೆಂದು ನನಗೆ ಅನ್ನಿಸಿದ್ದು ಇದರಿಂದಲೇ.

ಪರಿಚಿತ ಹಿರಿಯರೊಬ್ಬರು ಬರ್ಮಾ ಬಜಾರಿನಲ್ಲಿ ಎಂದೋ ಕೊಂಡ ಅಂಥದೊಂದು ಜಪಾನಿ ಯಂತ್ರವನ್ನೂ ಒಂದು ಸ್ಪೂಲನ್ನೂ ತಂದರು. ಅದರಲ್ಲಿ ಅವರ ತಾಯಿ ಹಾಡಿದ ಹಸೆಹಾಡುಗಳಿದ್ದವು. ಹಾಡಿನ ಹಿಂದೆ ಬಿಂದಿಗೆಗೆ ನೀರು ಬೀಳುವ ಸದ್ದು, ನಡುವೆ ಮಗುವಿನ ಅಳು, ಹಾಡು ನಿಲ್ಲಿಸಿ ಯಾರನ್ನೋ ಗದರುವ ಮಾತು. "ಈ ಗಲಾಟೆಯೆಲ್ಲ ತೆಗೆದು ಹಾಡಷ್ಟನ್ನೇ ಉಳಿಸಿಕೊಡಿ ರಾಯರೇ" ಎಂದರು ಅವರು. ಜೊತೆಗೆ ಬಂದಿದ್ದ ಅವರ ಅಕ್ಕ ನಕ್ಕು, "ಅಳ್ತಾ ಇರೋನು ನೀನೇ ಕಣೋ!" ಎಂದರು. ಅವರು ಮತ್ತೆ ಆ ಮಾತೆತ್ತಲಿಲ್ಲ. ಇಂದು ಕಂಪ್ಯೂಟರಿನಿಂದ ಸುಯ್ ಎಂಬ ಸದ್ದನ್ನೂ ಗಲಾಟೆಯನ್ನೂ ಬಹುಮಟ್ಟಿಗೆ ಒರೆಸಿಹಾಕಬಹುದು. ಒರೆಸಬಾರದೆಂದು ನಾನು ಹೇಳುವುದಿಲ್ಲ. ಮೊದಲು ಇದ್ದದ್ದನ್ನು ಇದ್ದಂತೆಯೇ ಒಂದು ಪ್ರತಿ ತೆಗೆದಿಡಬೇಕು. ಶುಚಿಗೊಳಿಸಿದ್ದು ಎರಡನೆಯ ಪ್ರತಿ. ಇಂದು ನಮಗೆ ಗಲಾಟೆಯಾದದ್ದು ನಾಳೆಯವರಿಗೆ ಹಾಡಿಗಿಂತ ಹೆಚ್ಚಿನದಾಗಬಹುದು. ಅದನ್ನು ತೀರ್ಮಾನಿಸುವ ಹಕ್ಕನ್ನು ಅವರಿಂದ ನಾವು ಕಸಿಯಬಾರದು.

ಇನ್ನೊಂದು ಎಚ್ಚರಿಕೆ. ಇಂಥ ಯಂತ್ರಗಳಲ್ಲಿ ಹಲವಕ್ಕೆ ಹಳೆಯ ಮುದ್ರಣವನ್ನು ಅಳಿಸಲು ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಮುದ್ರಿಸುವಾಗ ಮಾತ್ರ ಅದು ಪಟ್ಟಿಗೆ ತಾಗಬೇಕು. ಸ್ಪ್ರಿಂಗು ಸೋತಿದ್ದರೆ ಕೇಳುವಾಗಲೂ ತಾಗೀತು. ಆಗ ದನಿ ಕಿವಿಗೆ ಮುಟ್ಟುವ ಮೊದಲೇ ಅಳಿದಿರುತ್ತದೆ. ಆದ್ದರಿಂದ ದುರಸ್ತಿಯಾದ ಯಂತ್ರವನ್ನು ಬೆಲೆಯಿಲ್ಲದ ಪಟ್ಟಿಯಲ್ಲಿ ಪರೀಕ್ಷಿಸಿದ ಮೇಲೆಯೇ ಅಮ್ಮನ ದನಿಯನ್ನು ಅದಕ್ಕೆ ಒಪ್ಪಿಸಬೇಕು. ಒಳ್ಳೆಯದನ್ನು ಮಾಡುವ ಆತುರಕ್ಕಿಂತ ಕೆಡುಕಾಗದಂತೆ ನೋಡಿಕೊಳ್ಳುವ ತಾಳ್ಮೆ ದೊಡ್ಡದು.

ಹಾಗೆಯೇ ಪರರ ಪಟ್ಟಿಗಳಲ್ಲಿ ಹಾಡಷ್ಟೇ ಇರುವುದಿಲ್ಲ. ಮನೆಯ ಜಗಳ, ಪಾಲಿನ ಮಾತು, ಗುಟ್ಟಾಗಿ ಹೇಳಿಕೊಂಡ ದುಃಖ ಎಲ್ಲವೂ ಇರಬಹುದು. ಗುಡಿಯ ಗಾರೆ ಕೆಲಸದವನಿಗೆ ಗರ್ಭಗುಡಿಯ ಒಡೆತನ ಬರುವುದಿಲ್ಲ. ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು. ಪಟ್ಟಿಯೂ ಪ್ರತಿಯೂ ಒಡೆಯರ ಮನೆಗೇ ಹೋಗಬೇಕು.

ಕಾಲ ಮಾತ್ರ ನಮಗಾಗಿ ಕಾಯುವುದಿಲ್ಲ. ಹಳೆಯ ಅಸಿಟೇಟ್ ಪಟ್ಟಿಗಳು ಹುಳಿ ವಾಸನೆ ಹಿಡಿದು ಸೆಟೆದುಕೊಳ್ಳುತ್ತವೆ. 1970ರ ದಶಕದ ಕೆಲವು ಪಟ್ಟಿಗಳ ಲೇಪ ನಮ್ಮ ಊರಿನ ಸೆಕೆಗೆ, ತೇವಕ್ಕೆ ಜಿಗುಟಾಗಿ ಬಿಡುತ್ತದೆ. ನಮ್ಮ ಸಂಘದ ಸದಸ್ಯರ ಮನೆಗಳ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಇಂಥ ಸುರುಳಿಗಳು ಇದ್ದೇ ಇರಬೇಕು. ಕನ್ನಡ ನಾಡನ್ನು ಬಿಟ್ಟು ಬಂದವರು ಪಾತ್ರೆಪಡಗದೊಂದಿಗೆ ತಂದ ದನಿಗಳು ಅವು. ದಯವಿಟ್ಟು ಎಸೆಯಬೇಡಿ, ಆತುರದಿಂದ ಓಡಿಸಿಯೂ ನೋಡಬೇಡಿ. ಬಲ್ಲವರಿಗೆ ತೋರಿಸಿ. ಯಂತ್ರ ಹೊಸದಾಯಿತೇ ಎಂದು ಅವರನ್ನು ಕೇಳುವ ಬದಲು, ದನಿ ಉಳಿಯಿತೇ ಎಂದು ಕೇಳಿ.