ಬೀಗದ ಕೈ ಯಾರದು?

ನಮ್ಮ ತಾಯಂದಿರ ಕಾಲದಲ್ಲಿ ಬೀಗದ ಕೈಗೊಂಚಲು ಸೊಂಟದಲ್ಲಿರುತ್ತಿತ್ತು. ಅದು ಅತ್ತೆಯಿಂದ ಸೊಸೆಗೆ ದಾಟುವ ದಿನವೆಂದರೆ ಮನೆಯೊಳಗೊಂದು ಸಣ್ಣ ಪಟ್ಟಾಭಿಷೇಕವೇ. ಕಳೆದುಹೋದರೆ ಬೀಗ ರಿಪೇರಿಯವನು ಬಂದು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಿದ್ದ. ಆದರೆ ಅವನು ಕಂಬಿ ತೂರಿಸುವ ಮೊದಲು ಯಾರಾದರೊಬ್ಬರು ‘ಇದು ನಮ್ಮದೇ ಪೆಟ್ಟಿಗೆ’ ಎಂದು ಹೇಳಬೇಕಿತ್ತು. ಆ ಮಾತು ಹೇಳುವ ಹಕ್ಕು ಯಾರಿಗೆ ಎನ್ನುವುದು ಈಚೆಗೆ ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಪೀಣ್ಯದ ನಮ್ಮ ಕಡೆ ಲೇತ್ ಯಂತ್ರದ ಸದ್ದಿಲ್ಲದ ಬೀದಿಯಿಲ್ಲ, ವಕೀಲರ ಬೋರ್ಡಿಲ್ಲದ ಬೀದಿಯೂ ಕಡಿಮೆ. ಕೆಲಸದಿಂದ ತೆಗೆದದ್ದು, ಗ್ರಾಚ್ಯುಟಿ ಕೊಡದ್ದು, ಚೆಕ್ ಬೌನ್ಸ್, ಜೀವನಾಂಶ, ಇವೇ ಹೆಚ್ಚಿನ ಕೇಸುಗಳು. ನಮ್ಮ ನೆರೆಮನೆಯ ವಕೀಲರು ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಕಕ್ಷಿಗಾರರ ಕಾಗದಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಪಾಸ್‌ವರ್ಡ್ ಅವರ ತಲೆಯಲ್ಲಿತ್ತು, ಅವರೊಂದಿಗೇ ಹೋಯಿತು. ಎರಡು ತಿಂಗಳಾದ ಮೇಲೆ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು ಬಂದು, ಜೀವನಾಂಶದ ಕೇಸಿಗೆ ತಾನು ಹೇಳಿ ಬರೆಸಿದ್ದೆಲ್ಲ ಅದರಲ್ಲೇ ಇದೆ ಎಂದು ಕಣ್ಣೀರಿಟ್ಟಳು. ಗಂಡ ಹೊಡೆದ ದಿನ, ಆಸ್ಪತ್ರೆಯ ಚೀಟಿ, ಅಡವಿಟ್ಟ ಸರ, ಎಲ್ಲವನ್ನೂ ಇನ್ನೊಬ್ಬರೆದುರು ಮೊದಲಿಂದ ಹೇಳುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ವಕೀಲರ ಹೆಂಡತಿ ನನ್ನಲ್ಲಿಗೆ ಬಂದರು. “ಟೀಚರ್, ಎಸ್.ಪಿ. ರೋಡಿನಲ್ಲಿ ತೆಗೆದುಕೊಡುತ್ತಾರಂತೆ, ಹೋಗಿಬರೋಣವಾ?” ನಾನು ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳೋಣ ಎಂದೆ. ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾನೆ.

ಅವನು ಹೇಳಿದ ಮೇಲೆಯೇ ನನಗೆ ತಿಳಿದದ್ದು, ಪಾಸ್‌ವರ್ಡು ಆ ಕಡತದೊಳಗೆ ಎಲ್ಲೂ ಇರುವುದಿಲ್ಲ. ಅದನ್ನು ಅರೆದು ಬಂದ ಸಂಖ್ಯೆಯೇ ಬೀಗದ ಕೈ. ಹಾಗಾಗಿ ಹುಡುಕುವುದೆಂಬುದಿಲ್ಲ, ಒಂದೊಂದಾಗಿ ಊಹಿಸಿ ನೋಡಬೇಕು. 2003ರವರೆಗಿನ ವರ್ಡ್ ಕಡತಗಳ ಬೀಗ ದುರ್ಬಲ, ಬೇಗ ಮುರಿಯುತ್ತದೆ. 2010ರಿಂದ ಈಚಿನವುಗಳಲ್ಲಿ ಒಂದೊಂದು ಊಹೆಗೂ ಯಂತ್ರ 1 ಲಕ್ಷ ಸಲ ಅರೆಯಬೇಕು. ಲೆಕ್ಕ ಕಲಿಸುವವಳಾದ್ದರಿಂದ ಕಾಗದ ತೆಗೆದುಕೊಂಡು ಕುಳಿತೆ. ನಾಲ್ಕು ಅಂಕಿಯಾದರೆ 10 ಸಾವಿರ ಊಹೆ ಸಾಕು. ಇಂಗ್ಲಿಷಿನ ಆರು ಸಣ್ಣಕ್ಷರಗಳಾದರೆ ಸುಮಾರು 31 ಕೋಟಿ, ಎಂಟಾದರೆ 20 ಸಾವಿರ ಕೋಟಿಗೂ ಮಿಕ್ಕಿ. ಆದ್ದರಿಂದ ಮೊದಲು ಸತ್ತವರ ಮನಸ್ಸನ್ನೇ ತಡಕುತ್ತಾರಂತೆ: ಮಕ್ಕಳ ಹೆಸರು, ಮನೆದೇವರು, ಸ್ಕೂಟರ್ ನಂಬರು. “ಅವರಿಗೆ ಪ್ರಿಯವಾದ ಹೆಸರುಗಳನ್ನೆಲ್ಲ ಬರೆದುಕೊಡಿ ಆಂಟಿ” ಎಂದ. ಆಕೆ ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟರು. “ನನಗೆ ಗೊತ್ತಿಲ್ಲದ ಹೆಸರಾಗಿದ್ದರೆ?” ಎಂದು ಮೆಲ್ಲಗೆ ಕೇಳಿದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಎದ್ದುಹೋದೆ.

ಅಷ್ಟು ಹೊತ್ತಿಗೆ ನನಗೆ ಬೇರೊಂದು ಅಳುಕು ಶುರುವಾಗಿತ್ತು. ಕಕ್ಷಿಗಾರ ವಕೀಲನಿಗೆ ನಂಬಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಕಾಯ್ದೆಯ 126ನೆಯ ಕಲಮಿನಲ್ಲಿಯೇ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಂ. ವಕಾಲತ್ತು ಮುಗಿದರೂ ಆ ಕಟ್ಟು ಬಿಡುವುದಿಲ್ಲ. ವಕೀಲರ ಗುಮಾಸ್ತನಿಗೂ ಅದು ಅನ್ವಯಿಸುತ್ತದೆ. ಅಂದರೆ ಗುಟ್ಟು ಕಕ್ಷಿಗಾರನ ಸೊತ್ತು. ಹೆಂಡತಿಗೆ ಮೇಜು ಬಂತು, ಕಂಪ್ಯೂಟರ್ ಬಂತು, ಒಳಗಿನ ಮಾತು ಬರಲಿಲ್ಲ. ರಿಪೇರಿ ಅಂಗಡಿಯ ಹುಡುಗನಂತೂ ಆ ಕಲಮಿನಲ್ಲಿ ಎಲ್ಲೂ ಇಲ್ಲ.

ನಮ್ಮ ಕರ್ನಾಟಕ ಹೈಕೋರ್ಟೇ 2021ರ ಮಾರ್ಚಿಯಲ್ಲಿ ವೀರೇಂದ್ರ ಖನ್ನಾ ಎಂಬವರ ಪ್ರಕರಣದಲ್ಲಿ ಪಾಸ್‌ವರ್ಡಿನ ಬಗ್ಗೆ ತೀರ್ಪು ಕೊಟ್ಟಿತು. ನ್ಯಾಯಾಲಯದ ಆದೇಶವಿಲ್ಲದೆ ಆರೋಪಿಯಿಂದ ಅದನ್ನು ಬಲವಂತವಾಗಿ ಪಡೆಯುವಂತಿಲ್ಲ. ಸಿಕ್ಕ ಮಾಹಿತಿಯನ್ನು ಕೋರ್ಟಿನ ಲಿಖಿತ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ ಎಂದಿತು. ಆದರೆ ಪಾಸ್‌ವರ್ಡ್ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿತು. ಇದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಬೆರಳ ಗುರುತು ಬೆರಳಲ್ಲಿರುತ್ತದೆ, ಪಾಸ್‌ವರ್ಡ್ ಮನಸ್ಸಿನಲ್ಲಿರುತ್ತದೆ. ಮಂಪರು ಪರೀಕ್ಷೆಯನ್ನು ಬಲವಂತವಾಗಿ ಮಾಡಬಾರದೆಂದು 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಮನಸ್ಸಿನ ಈ ಬಾಗಿಲನ್ನು ಕಾಯಲಿಕ್ಕೇ ಅಲ್ಲವೇ? ಇರಲಿ, ನ್ಯಾಯಮೂರ್ತಿಗಳೊಡನೆ ವಾದಿಸುವಷ್ಟು ಓದಿದವಳಲ್ಲ ನಾನು. ಪೊಲೀಸರಿಗೇ ಇಷ್ಟು ಕಟ್ಟಳೆಯಿರುವಾಗ ನೆರೆಯ ಹೆಂಗಸರಿಬ್ಬರು ಆ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಪೇಟೆಗೆ ಹೋಗುವುದು ಸರಿಯಲ್ಲ ಎಂಬುದಷ್ಟೇ ನನಗೆ ಖಚಿತವಾಯಿತು.

ಡೈರಿ ನೋಡಿ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಹೆಚ್ಚಿನವರು ತೆಗೆಯಿರಿ ಎಂದರು. ಒಬ್ಬ ಹಿರಿಯರು ಮಾತ್ರ, ಅದರಲ್ಲಿ ತನ್ನ ಉಯಿಲಿನ ಕರಡಿದೆ, ಮಕ್ಕಳಿಗೆ ತಿಳಿಯಬಾರದು, ಅಳಿಸಿಬಿಡಿ ಎಂದರು. ಆ ಹೆಣ್ಣುಮಗಳು ವಕೀಲರ ಜೂನಿಯರಿಗೆ ವಕಾಲತ್ತು ಬರೆದುಕೊಟ್ಟಳು. ಕೆಲಸ ಅವರೆದುರಿಗೇ ನಡೆಯಿತು. ಎರಡು ರಾತ್ರಿ ಹಿಡಿಯಿತು. ಸಿಕ್ಕಿದ್ದು ಯಾರ ಹೆಸರೂ ಅಲ್ಲ, ವಕೀಲರು ನಡೆಸಿದ ಮೊದಲ ಕೇಸಿನ ನಂಬರು. ಹೆಂಡತಿಗೆ ಸಮಾಧಾನವೂ ಆಯಿತು, ಕೊಂಚ ಬೇಸರವೂ ಆದಂತಿತ್ತು. ಕಡತ ತೆರೆದುಕೊಂಡಾಗ ನನ್ನ ವಿದ್ಯಾರ್ಥಿ ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕುಳಿತ. ಯಾವ ಕಾಯ್ದೆಯೂ ಅವನಿಗೆ ಹಾಗೆ ಹೇಳಿರಲಿಲ್ಲ.

ತೊಂದರೆಯೇನೆಂದರೆ, ಅದೇ ನಂಬರು ಎಲ್ಲ ಕಡತಗಳನ್ನೂ ತೆರೆಯುತ್ತದೆ. ಫೋನಿಗೆ ಸಿಗದ ಆರು ಜನರ ಕಡತಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಹಳೆಯ ಕಂಪ್ಯೂಟರನ್ನು ಮಾರಿಬಿಡೋಣ ಎಂದು ಮಗ ಆಗಾಗ ಹೇಳುತ್ತಾನೆ. ಅದಿನ್ನೂ ಅವರ ನಡುಮನೆಯಲ್ಲಿ ಹಳೆಯ ಸೀರೆ ಹೊದ್ದುಕೊಂಡು ಕುಳಿತಿದೆ.