ಜಗಲಿಯ ಮೇಲೆ ಕುಳಿತವರು

ನಮ್ಮ ಮನೆಯಲ್ಲಿ ಈಗ ಎರಡು ಪಂಚಾಂಗಗಳು ನಡೆಯುತ್ತಿವೆ. ಒಂದು, ಗೋಡೆಯ ಮೊಳೆಗೆ ತೂಗುಬಿದ್ದಿರುವ ಒಂಟಿಕೊಪ್ಪಲಿನ ಪಂಚಾಂಗ. ಇನ್ನೊಂದು, ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಪ್ರಕಟಣೆ. “ಈ ತಿಂಗಳು ಮುಂದಕ್ಕೆ ಹೋಯಿತೇನೋ?” ಎಂದು ನನ್ನ ಮನೆಯಾಕೆ ಫೋನಿನಲ್ಲಿ ಮಗನನ್ನು ಕೇಳುತ್ತಾಳೆ. ಹೋಗಬೇಕಾದದ್ದು ತಾರೀಖು. ಕೆಲವು ತಿಂಗಳು ಅದು ಒಂದೆರಡು ವಾರ ಮುಂದೆ ಸರಿಯುತ್ತದೆ. ಕೆಲವು ತಿಂಗಳು ಕದಲುವುದಿಲ್ಲ. ಒಮ್ಮೊಮ್ಮೆ ಹಿಂದಕ್ಕೂ ಬರುತ್ತದೆ. ಗ್ರಹಗಳು ವಕ್ರಗತಿ ಹಿಡಿಯುವುದನ್ನು ನಮ್ಮ ಪಂಚಾಂಗ ಮುಂಚಿತವಾಗಿ ಹೇಳುತ್ತದೆ. ಆ ಪಂಚಾಂಗಕ್ಕೆ ಅಷ್ಟು ದಾಕ್ಷಿಣ್ಯವೂ ಇಲ್ಲ.

ಮಗ 2010ರಲ್ಲಿ ಹೆಂಡತಿಯನ್ನೂ ಎರಡು ವರ್ಷದ ಮಗುವನ್ನೂ ಕರೆದುಕೊಂಡು ಹೋದ. ಅಲ್ಲಿ ನೆಲೆಸಲು ಅನುಮತಿ ಬೇಡುವ ಅವನ ಅರ್ಜಿ ಬಿದ್ದದ್ದು 2015ರಲ್ಲಿ. ಅದನ್ನು ತಿರಸ್ಕರಿಸಿಲ್ಲ, ಅವನು ಅರ್ಹನೆಂದೇ ಒಪ್ಪಿದ್ದಾರೆ. ಆದರೆ ಸರದಿ ಬಂದಿಲ್ಲ.

ಈ ಸರದಿಯ ಮರ್ಮ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಒಂದು ಕಾಲದಲ್ಲಿ ಆ ದೇಶ ನಮ್ಮವರನ್ನು ಹೆಚ್ಚುಕಡಿಮೆ ಹೊರಗೇ ನಿಲ್ಲಿಸಿತ್ತು. 1946ರಲ್ಲಿ ಮನಸ್ಸು ಕರಗಿ ವರ್ಷಕ್ಕೆ 100 ಜನ ಭಾರತೀಯರು ಬರಬಹುದೆಂದಿತು. 1965ರ ಶಾಸನ ಆ ಹಳೆಯ ತಾರತಮ್ಯವನ್ನು ತೆಗೆದುಹಾಕಿತು. 1990ರ ಶಾಸನದಂತೆ ಉದ್ಯೋಗದ ಮೇಲೆ ನೆಲೆಸುವವರಿಗೆ ವರ್ಷಕ್ಕೆ ಸುಮಾರು 1,40,000 ಅನುಮತಿ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲಬಾರದು. ದೇಶ ದೇಶಗಳೊಳಗೆ ಸಮಾನತೆ! ನಮ್ಮ ತೆರಕಣಾಂಬಿಯ ನ್ಯಾಯಬೆಲೆ ಅಂಗಡಿಯವನು, ಇಪ್ಪತ್ತು ಮನೆಯ ಹಳ್ಳಿಗೂ ಎರಡು ಸಾವಿರ ಮನೆಯ ಊರಿಗೂ ತಿಂಗಳಿಗೆ ಏಳೇಳು ಮೂಟೆ ಎಂದು ಗೊತ್ತುಮಾಡಿದರೆ ಹೇಗಿದ್ದೀತು? ಊರುಗಳಿಗೆ ಅನ್ಯಾಯವಾಗಲಿಲ್ಲ. ಆದರೆ ಹಸಿಯುವುದು ಊರಲ್ಲವಲ್ಲ, ಮನುಷ್ಯ. ಸಣ್ಣ ಹಳ್ಳಿಯವರು ಬಿಟ್ಟದ್ದು ಸಿಕ್ಕರೆ ಸಿಕ್ಕಿತು; ಇಲ್ಲದಿದ್ದರೆ ಕಾಯಬೇಕು.

ಕಳೆದ ವರ್ಷ ಇವಳು ಸೊಂಟದ ಮೂಳೆ ಮುರಿದು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗ ಬರಲಿಲ್ಲ. ಬರಬಾರದೆಂದಲ್ಲ. ಬಂದರೆ ಹಿಂದಿರುಗಲು ಪಾಸ್‌ಪೋರ್ಟಿಗೆ ಮತ್ತೆ ಮುದ್ರೆ ಬೀಳಬೇಕು. ಅದು ತಡವಾದರೆ ಕೆಲಸ ಹೋದೀತು, ಕೆಲಸ ಹೋದರೆ ಸರದಿಯೂ ಕೆಟ್ಟೀತು. ಮೊಮ್ಮಗಳಿಗೆ ಹದಿನೇಳು ದಾಟಿದೆ. ಇಪ್ಪತ್ತೊಂದು ತುಂಬಿದರೆ, ಕೆಲವು ರಿಯಾಯಿತಿಗಳನ್ನು ಬಿಟ್ಟರೆ, ಅವಳು ತಂದೆಯ ಅರ್ಜಿಯೊಳಗಿನ ‘ಮಗು’ ಅಲ್ಲ. ತಾನು ಬುದ್ಧಿ ತಿಳಿದಾಗಿನಿಂದ ಕಂಡ ಒಂದೇ ಊರಿನಲ್ಲಿ ಅವಳು ಹೊರಗಿನವಳಾಗುತ್ತಾಳೆ.

“ಹೋಗು ಎಂದು ಯಾರು ಹೇಳಿದ್ದರು? ಹಣಕ್ಕಾಗಿ ಹೋದ, ಕಾಯಲಿ” ಎನ್ನುತ್ತಾರೆ ನನ್ನ ಸ್ನೇಹಿತರೊಬ್ಬರು. ಅವರ ಮಾತಿನಲ್ಲಿ ನಿಜವಿದೆ. ಪರರ ಮನೆಯೊಳಕ್ಕೆ ನುಗ್ಗುವ ಹಕ್ಕು ಯಾರಿಗೂ ಇಲ್ಲ. ಬಾಗಿಲು ಹಾಕಿಕೊಳ್ಳುವುದು ಮನೆಯವರ ಇಷ್ಟ. ಆದರೆ ಬಂದವನನ್ನು ಜಗಲಿಯ ಮೇಲೆ ಕೂರಿಸಿ, “ಇರು, ಒಳಗೆ ಕರೆಯುತ್ತೇನೆ” ಎಂದು ಹೇಳಿ, ಅಷ್ಟರಲ್ಲಿ ಅವನ ಕೈಯಿಂದ ಮನೆಗೆಲಸವನ್ನೂ ಮಾಡಿಸಿಕೊಂಡು, ಸಂಜೆಯಾದರೂ ಹೊರಗೆ ತಲೆಹಾಕದಿದ್ದರೆ? ಆಗ ಮನೆಯವನ ಮೇಲೆ ಒಂದು ಋಣ ಬೀಳುತ್ತದೆ. ‘ಇಲ್ಲ’ ಎಂದಿದ್ದರೆ ಬಂದವನು ಅಳುತ್ತಲಾದರೂ ಊರ ದಾರಿ ಹಿಡಿಯುತ್ತಿದ್ದ. ‘ಇಲ್ಲ’ ಎಂಬುದು ಮನುಷ್ಯನನ್ನು ಬಿಡಿಸುತ್ತದೆ. ‘ನೋಡೋಣ’ ಎಂಬುದು ಕಟ್ಟಿಹಾಕುತ್ತದೆ.

ಇಷ್ಟು ಬರೆದು ನಾನು ಆ ದೇಶದ ಗುಮಾಸ್ತರನ್ನು ಬೈದು ಮುಗಿಸಬಹುದಾಗಿತ್ತು. ಆದರೆ ಲೇಖನಿ ಏಳುವುದಿಲ್ಲ, ನಾನೂ ಗುಮಾಸ್ತನೇ.

ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕೆಲಸ ಮಾಡಿದೆ. ಹುಲುಗನಮುರಡಿ ಬೆಟ್ಟದ ಕಡೆಯ ಒಬ್ಬ ರೈತ ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದ. ಕಾಗದಗಳಲ್ಲಿ ಒಂದೂ ಕೊರತೆಯಿರಲಿಲ್ಲ. ನಾನು ಲಂಚವನ್ನೂ ಕೇಳಲಿಲ್ಲ. ಈ ಮಾತನ್ನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಸುಮ್ಮನೆ “ಮುಂದಿನ ವಾರ ಬಾಪ್ಪ” ಎನ್ನುತ್ತಿದ್ದೆ. ಅವನು ಬರುತ್ತಿದ್ದ. ಕಡತ ಬೀರುವಿನಲ್ಲಿತ್ತು, ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ಏಳು ತಿಂಗಳ ಮೇಲೆ ಒಂದು ದಿನ, ಬೇರೇನೋ ಹುಡುಕುವಾಗ ಕೈಗೆ ಸಿಕ್ಕಿ, ಅರ್ಧ ಗಂಟೆಯಲ್ಲಿ ಮುಗಿಸಿದೆ. ಅಷ್ಟು ಹೊತ್ತಿಗೆ ಅವನು, ಹೆಸರಿಗೆ ಖಾತೆಯಿಲ್ಲದೆ ಸೊಸೈಟಿ ಸಾಲ ಹುಟ್ಟದೆ, ಅರಿಸಿನದ ಬಿತ್ತನೆಗಾಗಿ ಉಳುವ ಎತ್ತುಗಳನ್ನು ಸಂತೆಯಲ್ಲಿ ಮಾರಿಬಿಟ್ಟಿದ್ದ. ಇದು ತಿಳಿದದ್ದು, ಅವನು ಒಂದು ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು, “ದೊಡ್ಡ ಉಪ್ಕಾರ ಆಯ್ತು ಬುದ್ಧಿ” ಎಂದು ಕೈಮುಗಿದಾಗ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಕಾಯಿಸುವುದೂ ಒಂದು ಕೃತ್ಯವೆಂದು ನನಗೆ ಆಗ ತೋರಿರಲಿಲ್ಲ. ಏನನ್ನೂ ಮಾಡದಿರುವುದು ಹೇಗೆ ತಪ್ಪಾದೀತು ಎಂದುಕೊಂಡಿದ್ದೆ. 2011ರಲ್ಲಿ, ನಾನು ನಿವೃತ್ತನಾದ ಮೇಲೆ, ನಮ್ಮ ರಾಜ್ಯ ‘ಸಕಾಲ’ದ ಶಾಸನ ತಂದಿತು: ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ. ಅದರಿಂದ ಎತ್ತಿನ ಬಾಲವೂ ಬಾರದು, ನಿಜ. ಆದರೂ ಕಾಯುವವನ ದಿನಕ್ಕೆ ಒಂದು ಬೆಲೆಯುಂಟೆಂದು ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ದೊಡ್ಡ ದೇಶವೊಂದು ಬಾಗಿಲನ್ನು ಪೂರ್ತಿ ತೆರೆಯಲೆಂದು ನಾನು ಕೇಳಲಾರೆ. ‘ಹೌದು’ ಅಥವಾ ‘ಇಲ್ಲ’ ಎನ್ನಲಿ. ಎರಡೂ ಆಗದಿದ್ದರೆ ‘ಇಂಥ ದಿನ’ ಎನ್ನಲಿ. ಕಾಯಿಸುವವನು ಕಾಯುವವನಿಗೆ ಅಷ್ಟನ್ನಾದರೂ ಸಲ್ಲಿಸಬೇಕು. ಕಾಯುವವನ ತಾಳ್ಮೆಯನ್ನು ಹೊಗಳುವ ಹಕ್ಕಂತೂ ಕಾಯಿಸುವವನಿಗಿಲ್ಲ.

ಮೊನ್ನೆ ಬೀದಿಯ ಹುಡುಗನೊಬ್ಬ ಅಜ್ಜಿಯ ಪಿಂಚಣಿಯ ಅರ್ಜಿ ಬರೆಸಿಕೊಳ್ಳಲು ಬಂದು ಜಗಲಿಯ ಮೇಲೆ ಕುಳಿತ. ಊಟದ ಹೊತ್ತು. “ನಾಳೆ ಬಾ” ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಒಳಗಿನಿಂದ ಇವಳ ಊರುಗೋಲಿನ ಸದ್ದು ಕೇಳಿಸಿತು. ಕನ್ನಡಕ ಹಾಕಿಕೊಂಡು, “ಕೊಡಪ್ಪ ಇಲ್ಲಿ” ಎಂದೆ.