ಹಳೆಯ ಕಾರು, ಹಳೆಯ ಲೋಟ

 

*ಇಂದಿನ ಚಿಂತನೆ: ಹಳೆಯದನ್ನು ‘ಇದ್ದ ಹಾಗೆಯೇ’ ಮಾಡಬೇಕೇ?*

ಇಂದು ಬರೆಯುವ ಸರದಿ ನನ್ನದು. ನಾನು ಪುಸ್ತಕ ಓದಿ ಕಲಿತದ್ದು ಕಡಿಮೆ. ಮೂವತ್ತೆರಡು ವರ್ಷ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ಹಾಗಾಗಿ ಕೈಗೆ ಗ್ರೀಸ್ ಹತ್ತಿಸಿಕೊಂಡು ಕಲಿತ ಒಂದು ವಿಷಯವನ್ನೇ ಹೇಳುತ್ತೇನೆ.

ಬನಶಂಕರಿಯ ನಮ್ಮ ಮನೆ ಮುಂದೆ, ಶೀಟು ಹೊದಿಸಿದ ಜಾಗದಲ್ಲಿ, ಹದಿನಾಲ್ಕು ತಿಂಗಳು ಒಂದು ಹಳೇ ಕಾರು ನಿಂತಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅದು 1951ರ ಎಂ.ಜಿ. ಟಿ.ಡಿ. ಈಗ ರಸ್ತೆಯಲ್ಲಿ ಓಡಾಡುವ ಎಂ.ಜಿ. ಬೇರೆ, ಇದು ಬೇರೆ. ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ ತಯಾರಾದದ್ದು. ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನಿಂದ ಬಂದ ಎರಡಕ್ಷರ ಅದು. ಹನ್ನೆರಡು ಅಡಿ ಉದ್ದ, ಎರಡೇ ಸೀಟು, ಮೇಲೆ ಬಟ್ಟೆಯ ಹುಡ್, 1250 ಸಿಸಿ ಎಂಜಿನ್. 1953ರವರೆಗೆ ಇಂಥವು ಸುಮಾರು ಮೂವತ್ತು ಸಾವಿರ ತಯಾರಾದವು, ಹೆಚ್ಚಿನವು ಅಮೆರಿಕಕ್ಕೆ ಹೋದವು. ಒಂದು ಹೇಗೋ ನಮ್ಮೂರಿಗೆ ಬಂತು.

ಜಯನಗರದ ಒಬ್ಬ ಯಜಮಾನರು ಅರವತ್ತರ ದಶಕದಲ್ಲಿ ಕಾಫಿ ತೋಟದವರೊಬ್ಬರಿಂದ ಇದನ್ನು ಕೊಂಡಿದ್ದರು. ನಮ್ಮಪ್ಪ ಅವರ ಮನೆಯಲ್ಲಿ ಡ್ರೈವರ್, ಮೆಕ್ಯಾನಿಕ್ ಎರಡೂ. ಯಜಮಾನರು ತೀರಿಕೊಂಡ ಮೇಲೆ ಕಾರು ಶೆಡ್ಡು ಸೇರಿತು. ಮೂವತ್ತೈದು ವರ್ಷ ಯಾರೂ ಮುಟ್ಟಲಿಲ್ಲ. ಈಗ ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮೊಮ್ಮಗ ಜೆ.ಪಿ. ನಗರದಲ್ಲಿ ಫ್ಲಾಟಿನಲ್ಲಿದ್ದಾನೆ, ಅಲ್ಲಿ ಕಾರು ಬಿಚ್ಚಲು ಜಾಗವಿಲ್ಲ. ನನ್ನನ್ನು ಹುಡುಕಿಕೊಂಡು ಬಂದ.

“ಅಂಕಲ್, ನಿಮ್ಮಪ್ಪ ನೋಡಿಕೊಂಡಿದ್ದ ಗಾಡಿ. ನೀವೇ ರೆಡಿ ಮಾಡಬೇಕು. ನಮ್ಮ ತಾತನ ಕಾಲದಲ್ಲಿ ಹೇಗಿತ್ತೋ ಹಾಗೇ ಆಗಬೇಕು. ಒಂದು ಬೋಲ್ಟೂ ಬದಲಾಗಬಾರದು.”

ಒಳ್ಳೆಯ ಹುಡುಗ. ಪ್ರತಿ ಭಾನುವಾರ ಬಂದು ನನ್ನ ಜೊತೆ ಕೈ ಕಪ್ಪು ಮಾಡಿಕೊಂಡು ಕೆಲಸ ಮಾಡಿದ. ಆದರೆ ಅವನ ಆ ಮಾತು, ‘ತಾತನ ಕಾಲದ ಹಾಗೇ’ ಎಂಬುದು, ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಎಂಜಿನ್ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಹನ್ನೆರಡು ದಿನ ಬಿಟ್ಟೆವು. ಹದಿಮೂರನೇ ದಿನ ಮುಂದಿನಿಂದ ಹ್ಯಾಂಡಲ್ ಹಾಕಿ ಅಲುಗಿಸಿದಾಗ ಕಾಲು ಸುತ್ತು ತಿರುಗಿತು. ಅವತ್ತು ಇಬ್ಬರೂ ಮಕ್ಕಳ ಹಾಗೆ ಕೂಗಿದೆವು.

ಈ ಎಂಜಿನ್‌ನಲ್ಲಿ ಒಂದು ವಿಚಿತ್ರವಿದೆ. ಬೋಲ್ಟಿನ ತಲೆ ಇಂಗ್ಲಿಷರ ವಿಟ್‌ವರ್ತ್ ಅಳತೆಯದು, ಆದರೆ ಥ್ರೆಡ್ ಮೆಟ್ರಿಕ್. ಈ ಎಂಜಿನ್ ಮಾಡುತ್ತಿದ್ದ ಕೊವೆಂಟ್ರಿಯ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದು. 1923ರಲ್ಲಿ ಮಾರಿಸ್ ಅದನ್ನು ಕೊಂಡರೂ ಫ್ರೆಂಚರ ಥ್ರೆಡ್ ಹಾಗೇ ಮುಂದುವರಿಯಿತು. ತಲೆ ನೋಡಿ ಇಂಗ್ಲಿಷ್ ನಟ್ ಹಾಕಲು ಹೋದರೆ ಥ್ರೆಡ್ ಹಾಳಾಗುತ್ತದೆ. ಇಂಗ್ಲಿಷ್ ಓದಲು ಬಾರದ ನಮ್ಮಪ್ಪನಿಗೆ ಇದು ಗೊತ್ತಿತ್ತು. ಅವರ ಸ್ಪ್ಯಾನರುಗಳ ಮೇಲೆ ಅವರೇ ಪಂಚ್‌ನಿಂದ ಹೊಡೆದ ಚುಕ್ಕಿ ಗುರುತುಗಳಿವೆ. ಯಜಮಾನರ ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ವಿದ್ಯೆ ಅದು.

ಆಮೇಲೆ ಬಾಡಿ. ಹಿಂದಿನ ಭಾಗದ ಬಣ್ಣ ಕೆರೆದರೆ ಕೆಳಗೆ ಬೆರಳು ದಪ್ಪ ಪುಟ್ಟಿ. ಯಾರೋ ಯಾವಾಗಲೋ ತುಕ್ಕಿನ ಮೇಲೆ ಪುಟ್ಟಿ ಎಳೆದು, ಮೇಲೆ ಚೆಂದದ ಬಣ್ಣ ಹೊಡೆದಿದ್ದರು. ಪುಟ್ಟಿ ಉದುರಿಸಿದರೆ ತಗಡು ಜಾಲರಿಯಾಗಿತ್ತು. ಈ ಕಾರಿನ ಬಾಡಿಯ ಒಳಗೆ ಮರದ ಚೌಕಟ್ಟಿರುತ್ತದೆ, ಇಂಗ್ಲೆಂಡಿನ ಆಶ್ ಮರ. ಅದನ್ನು ಗೆದ್ದಲು ಹಿಟ್ಟು ಮಾಡಿತ್ತು.

ಟಿಂಕರಿಂಗ್ ಮಾಡುವ ನನ್ನ ಸ್ನೇಹಿತ ನೋಡಿ ಹೇಳಿದ: “ಅಣ್ಣಾ, ಇನ್ನೊಂದು ಕೈ ಪುಟ್ಟಿ ಎಳೆದುಬಿಟ್ರೆ ಎರಡು ವರ್ಷ ಯಾರಿಗೂ ಗೊತ್ತಾಗಲ್ಲ. ಕಟ್ ಮಾಡೋಕೆ ಹೋದ್ರೆ ತಿಂಗಳುಗಟ್ಟಲೆ ಕೆಲಸ.”

ಧಮ್ಮಪದದಲ್ಲಿ ತುಕ್ಕಿನ ಹೋಲಿಕೆ ಇದೆ, ನಾವು ಓದಿದ್ದೇವೆ. ತುಕ್ಕು ಹೊರಗಿನ ಶತ್ರುವಲ್ಲ, ಆ ಕಬ್ಬಿಣದ್ದೇ ಎಂಬುದು ಅದರ ಅರ್ಥ. ಮುಚ್ಚಿದರೆ ಅದು ನಿಲ್ಲುವುದಿಲ್ಲ, ಕಾಣದೆ ಬೆಳೆಯುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸೆಯುವುದು ಒಂದೇ ದಾರಿ. ಕತ್ತರಿಸಿದೆವು. ಕೊಳೆತ ಮರ ತೆಗೆದು, ಬಡಗಿಯಿಂದ ಅದೇ ಅಳತೆಯಲ್ಲಿ ತೇಗದ ಚೌಕಟ್ಟು ಮಾಡಿಸಿದೆವು.

ಇಷ್ಟು ಹೊತ್ತಿಗೆ ‘ಒಂದು ಬೋಲ್ಟೂ ಬದಲಾಗಬಾರದು’ ಎಂಬ ಮಾತನ್ನು ಕಾರೇ ಸುಳ್ಳು ಮಾಡುತ್ತಾ ಬಂದಿತ್ತು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ವಾಲ್ವ್ ಸೀಟು ಸವೆಯದಂತೆ ಅದು ಕಾಪಾಡುತ್ತಿತ್ತು, ಆದರೆ ಮಕ್ಕಳ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ 2000ದಲ್ಲಿ ಅದನ್ನು ನಿಲ್ಲಿಸಿದರು. ಈಗ ಇಂಥ ಎಂಜಿನ್ ನಿಶ್ಚಿಂತೆಯಿಂದ ಓಡಬೇಕಾದರೆ ಗಟ್ಟಿ ಲೋಹದ ವಾಲ್ವ್ ಸೀಟು ಕೂರಿಸಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಹಳೇ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೈಪುಗಳೂ ಹೊಸವು, ಜೆ.ಸಿ. ರಸ್ತೆಯಿಂದ ತಂದೆವು. ಬ್ರೇಕ್ ಲೈನಿಂಗಿನಲ್ಲಿ ಆಗ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ಮಾರಿ. ನಮ್ಮಪ್ಪ ಆ ಧೂಳನ್ನು ಬಾಯಿಂದ ಊದಿ ತೆಗೆಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದನ್ನೂ ‘ಇದ್ದ ಹಾಗೆಯೇ’ ಮಾಡಬೇಕೆ?

ರಾಜ ಮಿಲಿಂದನಿಗೆ ಭಂತೇ ನಾಗಸೇನರು ಕೇಳಿದ ರಥದ ಪ್ರಶ್ನೆ ನಿಮಗೆಲ್ಲ ಗೊತ್ತು. ಚಕ್ರ ರಥವೇ? ಅಚ್ಚು ರಥವೇ? ಯಾವುದೂ ಅಲ್ಲ. ಭಾಗಗಳು ಕೂಡಿದಾಗ ನಾವಿಡುವ ಹೆಸರು ರಥ. ಕಾರನ್ನು ನೂರಾರು ತುಂಡಾಗಿ ಬಿಚ್ಚಿ ನೆಲದ ಮೇಲೆ ಹರಡಿದಾಗ ಆ ಮಾತು ಕಣ್ಣೆದುರು ನಿಂತಿತು. ನನಗೆ ಇನ್ನೊಂದೂ ಹೊಳೆಯಿತು. ಕಾರಿಗೆ ಒಂದು ಸ್ಥಿರ ರೂಪವೇ ಇಲ್ಲದಿದ್ದರೆ, ‘ಮೊದಲಿನ ಸ್ಥಿತಿ’ ಎಂಬುದೂ ನಾವು ಆರಿಸಿಕೊಂಡ ಒಂದು ವರ್ಷ ಮಾತ್ರ. ಕಾರ್ಖಾನೆಯಿಂದ ಹೊರಬಿದ್ದ ವರ್ಷವೋ? ತೋಟದವರ ಕಾಲವೋ? ಹುಡುಗ ತನ್ನ ತಾತನ ಕಾಲವನ್ನು ಆರಿಸಿಕೊಂಡಿದ್ದ. ಆ ಕಾಲದಲ್ಲಿ ಅವನ ಪಾಲಿಗೆ ಇದ್ದದ್ದು ಕಾರು. ನನ್ನ ಪಾಲಿಗೆ ಇದ್ದದ್ದು ಒಂದು ಲೋಟ.

ಶೆಡ್ಡಿನಿಂದ ಕಾರಿನ ಜೊತೆ ಮರದ ಟೂಲ್ ಪೆಟ್ಟಿಗೆಯೊಂದು ಬಂದಿತ್ತು. ಅದರ ತಳದಲ್ಲಿ ನೆಗ್ಗಿದ ಅಲ್ಯೂಮಿನಿಯಂ ಲೋಟ. ನೋಡಿದ ಕೂಡಲೇ ಗುರುತು ಹಿಡಿದೆ. ಅದು ಶೆಡ್ಡಿನ ಕಿಟಕಿಯಲ್ಲಿರುತ್ತಿತ್ತು. ಅಪ್ಪನಿಗೆ ಕಾಫಿ ಕೊಡುವಾಗ ಮೇಲಿಂದ ಅದಕ್ಕೆ ಹೊಯ್ಯುತ್ತಿದ್ದರು. ಕುಡಿದ ಮೇಲೆ ಅಪ್ಪನೇ ತೊಳೆದು ಕಿಟಕಿಗೆ ಇಡಬೇಕು. ನಾನು ಹೋದ ದಿನ ಅದರಲ್ಲೇ ನನಗೂ ಅರ್ಧ.

ಈ ಕಾರಿನಲ್ಲಿ ಇಬ್ಬರಿಗೆ ಎರಡು ಮೆತ್ತೆ, ಆದರೆ ಒರಗುವ ಬೆನ್ನು ಒಂದೇ ಹಲಗೆ. ವಯಸ್ಸಾದ ಮೇಲೆ ಯಜಮಾನರು ತಾವು ಓಡಿಸದೆ ಅಪ್ಪನ ಪಕ್ಕ ಕೂರುತ್ತಿದ್ದರು. ಭುಜಕ್ಕೆ ಭುಜ ತಾಗುತ್ತಿತ್ತು. ಒಂದೇ ಬೆನ್ನಿಗೆ ಇಬ್ಬರೂ ಒರಗಿ ಲಾಲ್‌ಬಾಗ್ ಕಡೆ ಹೋಗಿ ಬರುತ್ತಿದ್ದರು. ಇಳಿದ ಮೇಲೆ ಲೋಟ ಬೇರೆ. 1901ರಲ್ಲಿ ಮಸೂರ್ ಸ್ಟೇಷನ್ನಿನಲ್ಲಿ ಬಾಲಕ ಭೀಮರಾಯರಿಗೆ ಗಾಡಿಯವನು, ದುಪ್ಪಟ್ಟು ಬಾಡಿಗೆ ಕೊಡಿ, ಗಾಡಿ ನೀವೇ ಹೊಡೆಯಿರಿ, ನಾನು ನಡೆದು ಬರುತ್ತೇನೆ ಎಂದದ್ದು ನೆನಪಿದೆಯಲ್ಲ? ಯಜಮಾನರಿಗೆ ನಡೆಯಲು ಆಗುತ್ತಿರಲಿಲ್ಲ, ಅದಕ್ಕೇ ಕೂತರು. ಅಷ್ಟೇ ವ್ಯತ್ಯಾಸ.

ಹುಡುಗ ಲೋಟ ಎತ್ತಿ ಕೇಳಿದ: “ಇದು ಯಾತಕ್ಕೆ ಅಂಕಲ್?”

“ಎಣ್ಣೆ ಅಳೆಯೋಕೆ” ಅಂದೆ.

ದಿನವೂ ಪಂಚಶೀಲ ಹೇಳುವ ಬಾಯಿ ಇದು. ನಾಲ್ಕನೆಯ ಶೀಲ ಸುಳ್ಳಾಡಬಾರದೆಂದು. ಆ ರಾತ್ರಿ ನಿದ್ದೆ ಬರಲಿಲ್ಲ. ಪಾಪದ ಹುಡುಗ, ಅವನಿಗೇಕೆ ನೋವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಗಲೆಲ್ಲ ಪುಟ್ಟಿ ಉದುರಿಸಿದವನು ನಾನು. ಈಗ ಎಳೆದದ್ದೂ ಪುಟ್ಟಿಯೇ ಎಂಬುದು ತಿಳಿಯದೆ ಇರುತ್ತದೆಯೇ?

ಹಾಗಾದರೆ ಮರುದಿನವೇ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಅಭಯ ರಾಜಕುಮಾರ ಸುತ್ತವನ್ನು ನಮ್ಮ ಬಳಗದಲ್ಲಿ ಓದಿದ್ದು ನೆನಪಾಯಿತು. ಮಗು ಬಾಯಿಗೆ ಕಲ್ಲು ಹಾಕಿಕೊಂಡರೆ ರಕ್ತ ಬಂದರೂ ತೆಗೆಯುತ್ತೀರಲ್ಲವೇ ಎಂದು ಬುದ್ಧರು ಕೇಳುತ್ತಾರೆ. ನಿಜವೂ ಹಿತವೂ ಆದ ಮಾತು ಕೇಳುವವನಿಗೆ ಕಹಿಯಾದರೂ ಆಡಬೇಕು, ಆದರೆ ಕಾಲ ಅರಿತು ಆಡಬೇಕು. ನನ್ನೊಳಗೆ ನೋಡಿಕೊಂಡೆ. ಆಗ ಹೇಳಿದ್ದರೆ ಕಲ್ಲು ತೆಗೆಯಲು ಹೇಳುತ್ತಿರಲಿಲ್ಲ, ಹೊಡೆಯಲು ಹೇಳುತ್ತಿದ್ದೆ. ಅಪ್ಪನ ಮೇಲಿನ ಸಂಕಟ ಕೋಪವಾಗಿ ಕೂತಿತ್ತು. ಅದು ಇಳಿಯಲು ತಿಂಗಳುಗಳೇ ಬೇಕಾದವು. ಮರಳು ಕಾಗದ ಉಜ್ಜುತ್ತಾ ಉಜ್ಜುತ್ತಾ ಇಳಿಯಿತು.

ಕಾಲ ತಾನಾಗಿ ಬಂತು. ಕಾರಿನ ಮೊದಲ ಓಡಾಟಕ್ಕೆ ನೆಂಟರನ್ನು ಕರೆಯಲು ಹುಡುಗ ಒಂದು ಕಾರ್ಡ್ ಬರೆದು ತಂದು ಓದಿದ. ತಾತನ ಕಾಲ ಎಷ್ಟು ಚೆನ್ನಾಗಿತ್ತು, ಎಲ್ಲರೂ ಒಂದೇ ಮನೆಯವರಂತೆ ಇದ್ದರು, ಡ್ರೈವರ್ ಕೂಡ. “ನಿಮ್ಮಪ್ಪನ ಹೆಸರೂ ಹಾಕಿದ್ದೀನಿ ಅಂಕಲ್” ಅಂದ, ಖುಷಿಯಿಂದ.

ಪೆಟ್ಟಿಗೆಯಿಂದ ಲೋಟ ತೆಗೆದು ಅವನ ಮುಂದಿಟ್ಟೆ. “ಅವತ್ತು ಸುಳ್ಳು ಹೇಳಿದೆ ಕಣಪ್ಪ. ಇದು ಎಣ್ಣೆಗಲ್ಲ.” ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದನಿ ಏರಿಸಲಿಲ್ಲ. ಅವನ ತಾತ ಕೆಟ್ಟವರೆಂದೂ ಹೇಳಲಿಲ್ಲ. ನನ್ನ ಶಾಲೆಯ ಫೀಸು ಕಟ್ಟಿದವರು ಅವರೇ, ಅದನ್ನೂ ಹೇಳಿದೆ.

“ಎಲ್ಲಿ ಇಡ್ತಿದ್ರು?” ಎಂದು ಕೇಳಿದ. “ಶೆಡ್ಡಿನ ಕಿಟಕಿಯಲ್ಲಿ.” ಮತ್ತೆ ಮಾತಿಲ್ಲ. ಎದ್ದು ಹೋದ. ಎರಡು ಭಾನುವಾರ ಬರಲಿಲ್ಲ. “ಕೂಲಿಗೆ ಕೆಲಸ ಮಾಡಿ ಸುಮ್ಮನಿರಬಾರದಿತ್ತಾ?” ಎಂದರು ನಮ್ಮ ಮನೆಯವರು.

ಮೂರನೆಯ ಭಾನುವಾರ ಬಂದ. “ಅಜ್ಜಿ ಮೊದಲು ಇಲ್ಲ ಅಂದ್ರು. ಆಮೇಲೆ, ಆಗ ಎಲ್ಲರ ಮನೇಲೂ ಹಾಗೇ ಇತ್ತು ಅಂದ್ರು. ಕಾರ್ಡ್ ಹರಿದು ಹಾಕಿದೆ” ಅಂದ. ಅವನು ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ಅಪ್ಪನ ಪರವಾಗಿ ಕೊಡಲು ನಾನು ಯಾರು? ಸ್ಪ್ಯಾನರ್ ಎತ್ತಿಕೊಂಡು ಕಾರಿನ ಕೆಳಗೆ ನುಗ್ಗಿದ.

ಕೊನೆಗೆ ಕೇಳಿದ: “ಲೋಟ ಏನು ಮಾಡೋಣ ಅಂಕಲ್? ಬಿಸಾಕೋಣವಾ?”

“ಬೇಡ. ಪೆಟ್ಟಿಗೆಯಲ್ಲೇ ಇರಲಿ, ಅಪ್ಪನ ಸ್ಪ್ಯಾನರುಗಳ ಜೊತೆ. ಕಾರು ನೋಡಲು ಬಂದವರು ಕೇಳಿದರೆ ಎರಡನ್ನೂ ತೋರಿಸು” ಎಂದೆ.

1936ರ ‘ಜಾತಿ ವಿನಾಶ’ದ ಕೊನೆಯ ಭಾಗದಲ್ಲಿ ಬಾಬಾಸಾಹೇಬರು ಕೊಲಂಬಿಯಾದ ತಮ್ಮ ಗುರು ಜಾನ್ ಡ್ಯೂಯಿ ಅವರ ವಿಚಾರವನ್ನು ನೆನೆಯುತ್ತಾರೆ. ಪ್ರತಿ ಸಮಾಜವೂ ಹಿಂದಿನ ಕಾಲದ ಒಣಮರವನ್ನು ಹೊತ್ತಿರುತ್ತದೆ. ತಿಳಿವಳಿಕೆ ಬಂದ ಸಮಾಜ ಎಲ್ಲವನ್ನೂ ಮಕ್ಕಳಿಗೆ ದಾಟಿಸುವುದಿಲ್ಲ, ನಾಳೆಯನ್ನು ಹಸನು ಮಾಡುವುದನ್ನು ಮಾತ್ರ ಆರಿಸುತ್ತದೆ. ಅದನ್ನು ಎಷ್ಟೋ ಸಲ ಓದಿದ್ದೆ. ಗೆದ್ದಲು ತಿಂದ ಆ ಚೌಕಟ್ಟನ್ನು ಕೈಯಲ್ಲಿ ಹಿಡಿದಾಗ ಅರ್ಥವಾಯಿತು. ನಾವು ಉಳಿಸಿದ್ದು ಏನು? ಚಾಸಿಸ್, ಎಂಜಿನ್, ಅಪ್ಪನ ಕೈಗುರುತು. ತೆಗೆದದ್ದು ಏನು? ತುಕ್ಕು, ಒಣಮರ, ವಿಷದ ಧೂಳು. ಮರೆಮಾಡಿದ್ದು ಏನೂ ಇಲ್ಲ. ತೆಗೆಯುವುದು ಬೇರೆ, ಮುಚ್ಚುವುದು ಬೇರೆ.

ಹೋದ ಭಾನುವಾರ ಬೆಳಿಗ್ಗೆ ಆರಕ್ಕೆ ಕಾರು ಹೊರಟಿತು. ಅವನು ಓಡಿಸಿದ, ನಾನು ಪಕ್ಕದಲ್ಲಿ, ಅದೇ ಒಂದೇ ಬೆನ್ನಿಗೆ ಒರಗಿ. ಲಾಲ್‌ಬಾಗ್ ಹತ್ತಿರ ನಿಲ್ಲಿಸಿ ಬೈ-ಟೂ ಕಾಫಿ ಕುಡಿದೆವು. ವಾಪಸು ಬರುವಾಗ ಸೌತ್ ಎಂಡ್ ಸರ್ಕಲ್ ಹತ್ತಿರ ಆಫ್ ಆಯಿತು. ಕಾರ್ಬ್ಯುರೇಟರಿಗೆ ಕಸ ಬಂದಿತ್ತು. ಬಿಚ್ಚಿ ಊದಿ ಮತ್ತೆ ಹೊರಟೆವು. ಕೆಲಸ ಇನ್ನೂ ಇದೆ.

*ಇಂದು ಯೋಚಿಸಲು:* ನಮ್ಮ ಮನೆಯಲ್ಲಿ, ನಮ್ಮ ಬಳಗದಲ್ಲಿ, ಯಾವ ತುಕ್ಕಿನ ಮೇಲೆ ನಾವೇ ಪುಟ್ಟಿ ಎಳೆದು ಕೂತಿದ್ದೇವೆ? ಅದನ್ನು ತೆರೆಯುವಾಗ ನಮ್ಮ ಕೈಯಲ್ಲಿರುವುದು ಕೋಪವೋ, ಕರುಣೆಯೋ?

ಭವತು ಸಬ್ಬ ಮಂಗಲಂ. ಜೈಭೀಮ್.